ನರೆದಲೆಗನ ಮೊಕದ್ದಮೆ

ಬ್ಯಾಡಗಿಯಿಂದ ಕಾಗಿನೆಲೆಗೆ ಹೊರಡುವ ಬಸ್ಸು ಊರು ಬಿಡುವ ಮೊದಲೇ ಸೀನು ಬರುತ್ತದೆ. ಪೇಟೆಯಲ್ಲಿ ರಾಶಿ ಹಾಕಿದ ಮೆಣಸಿನಕಾಯಿಯ ಘಾಟು ಅದು. ಊರಿನವರಿಗೆ ಅಭ್ಯಾಸವಾಗಿ ಹೋಗಿದೆ. ಪರಸ್ಥಳದವನು ಮಾತ್ರ ಮೂಗಿಗೆ ವಸ್ತ್ರ ಹಿಡಿದು ಕುಳಿತಿರುತ್ತಾನೆ. ಈ ಸೀಮೆಯಲ್ಲಿಯೇ ಹುಟ್ಟಿದವನಾದರೂ ಬಹಳ ವರ್ಷ ಹೊರಗಿದ್ದುದರಿಂದ ನಾನೂ ಹಾಗೆಯೇ ಕುಳಿತಿದ್ದೆ. ಪಕ್ಕದಲ್ಲಿದ್ದ ವೃದ್ಧ ರೈತರೊಬ್ಬರು ಕನಿಕರದಿಂದ ನೋಡಿ, ಎಲ್ಲಿಗೆ, ಯಾತಕ್ಕೆ ಎಂದು ವಿಚಾರಿಸಿದರು. ಕಾಗಿನೆಲೆಗೆಂದೂ, ಕನಕದಾಸರು ರಾಗಿಯ ಮೇಲೆ ಬರೆದ ಒಂದು ಕಾವ್ಯದ ವಿಷಯವಾಗಿ ನನಗೆ ಏನೋ ಬರೆಯಬೇಕಾಗಿದೆಯೆಂದೂ ಹೇಳಿದೆ.

“ರಾಗಿ ಮ್ಯಾಲೆ?” ಎಂದು ಅವರು ಹುಬ್ಬೇರಿಸಿದರು. “ನಮ್ಮ ಕಡೆ ರಾಗಿ ಯಾರ್ ತಿಂತಾರ್ರೀ ಸರ? ನಮ್ದೇನಿದ್ರೂ ಜ್ವಾಳದ ರೊಟ್ಟಿ. ರಾಗಿ ಅಂದ್ರ ಆ ಮೈಸೂರ ಕಡೆ ಮಂದಿ ಊಟ. ಈಗೇನೋ ಡಾಕ್ಟರು ಶುಗರ್ ಐತಿ ಅಂದಾರ. ಅದಕ್ಕ ಸೊಸಿ ಮುಂಜಾನೆ ಒಂದು ವಾಟಗಾ ರಾಗಿ ಅಂಬಲಿ ಮಾಡಿ ಕೊಡ್ತಾಳ. ಔಷಧ ಕುಡಿದಂಗ ಕುಡೀತೀನಿ.” ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಮತ್ತೆ ನನ್ನತ್ತ ತಿರುಗಿ ಬಹಳ ಗಂಭೀರವಾಗಿ ಕೇಳಿದರು: “ಕನಕಪ್ಪಗೂ ಶುಗರ್ ಇತ್ತೇನ್ರಿ?”

ನಗುವಂತಿರಲಿಲ್ಲ, ಪ್ರಶ್ನೆ ನ್ಯಾಯವಾಗಿಯೇ ಇತ್ತು. ಜೋಳದ ಸೀಮೆಯ ಕವಿ ರಾಗಿಯನ್ನೇಕೆ ನಾಯಕನನ್ನಾಗಿ ಮಾಡಿದ? ಪಂಡಿತರು ಕೇಳಬೇಕಾಗಿದ್ದ ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಒಬ್ಬ ರೈತರು ಕೇಳಿದರು. ನನಗೆ ತಿಳಿದ ಉತ್ತರವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಕಾವ್ಯದ ವಿಚಾರ.

‘ರಾಮಧಾನ್ಯ ಚರಿತೆ’ಯನ್ನು ನಾವೆಲ್ಲ ಮಕ್ಕಳ ಕಥೆಯಾಗಿ ಕೇಳಿದವರು. ಅಕ್ಕಿಗೆ ಸೊಕ್ಕು ಬಂತು, ರಾಗಿಯನ್ನು ಹೀಯಾಳಿಸಿತು, ರಾಮ ಪರೀಕ್ಷೆ ಮಾಡಿದ, ರಾಗಿ ಗೆದ್ದಿತು. ಆದ್ದರಿಂದ ಮಕ್ಕಳೇ, ಜಂಬ ಕೂಡದು. ನಾನೂ ಹೀಗೆಯೇ ಕೇಳಿ, ಪರೀಕ್ಷೆಯಲ್ಲಿ ಹೀಗೆಯೇ ಬರೆದು, ಮರೆತಿದ್ದೆ. ಇದು ಮಕ್ಕಳ ಕಥೆಯಲ್ಲ, ಲೋಕ ಕಂಡು ಬಾಯಿ ಕಹಿಯಾದ ದೊಡ್ಡವರ ನಗೆ ಎಂಬುದು ನನಗೆ ಹೊಳೆದದ್ದು ರಾಣೇಬೆನ್ನೂರಿನ ಒಂದು ಸ್ಮಶಾನದಲ್ಲಿ.

ನಮ್ಮ ದೊಡ್ಡಪ್ಪ ತೀರಿಕೊಂಡಿದ್ದರು. ಜೀವಮಾನವೆಲ್ಲ ಜೋಳದ ರೊಟ್ಟಿ ತಿಂದವರು. ಅವರ ಎಳೆಯ ವಯಸ್ಸಿನಲ್ಲಿ ಅನ್ನವೆಂದರೆ ಹಬ್ಬದ ಮಾತು. ಹೆಣ ಹೊರಡುವ ಹೊತ್ತಿಗೆ ಬಾಯಿಗೆ ಹಾಕುವ ಅಕ್ಕಿಯನ್ನು ತೆಗೆದುಕೊಂಡು ಬರಲು ಒಬ್ಬ ಹುಡುಗ ಅಡಿಗೆಮನೆಗೆ ಹೋದ. ಒಳಗಿನಿಂದ ಒಂದು ಹೆಂಗಸಿನ ದನಿ, ಅಳುವಿನ ನಡುವೆಯೇ, ಸ್ಪಷ್ಟವಾಗಿ ಕೇಳಿಸಿತು: “ಆ ಡಬ್ಬಿ ಮುಟ್ಟಬ್ಯಾಡೋ, ಅದು ಸೋನಾ ಮಸೂರಿ. ಚೀಲದಾಗಿನ ರೇಷನ್ ಅಕ್ಕಿ ತಗೋ.” ಸ್ಮಶಾನದಲ್ಲಿ ನಾವು ಒಬ್ಬೊಬ್ಬರಾಗಿ ಆ ಅಕ್ಕಿಯನ್ನು ಅವರ ಬಾಯಿಗೆ ಹಾಕಿದೆವು. ಅಗಿಯಲಾರದ ಬಾಯಿಗೆ ಬೇಯದ ಅಕ್ಕಿ. ನನ್ನ ಸರದಿ ಬಂದಾಗ ಐವತ್ತು ವರ್ಷದ ಹಿಂದಿನ ಪಾಠ ಎಲ್ಲಿಂದಲೋ ಎದ್ದು ಬಂತು. ಕನಕದಾಸರ ರಾಗಿ ತುಂಬಿದ ಸಭೆಯಲ್ಲಿ ಅಕ್ಕಿಗೆ ಹೇಳುವ ಬೈಗುಳಗಳಲ್ಲಿ ಇದೂ ಒಂದು: ನೀನು ಹೆಣದ ಬಾಯಿಗೆ ಬೀಳುವ ತುತ್ತು. ನನಗೆ ನಗು ಬಂದುಬಿಟ್ಟಿತು. ವಸ್ತ್ರದಿಂದ ಮುಖ ಮುಚ್ಚಿಕೊಂಡೆ. ಅಳುತ್ತಿರುವನೆಂದು ತಿಳಿದು ಯಾರೋ ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಅಳುತ್ತಿದ್ದೆ. ಮನೆಗೆ ಬಂದು ಸೂತಕ ಕಳೆದ ಮೇಲೆ ಕಾವ್ಯವನ್ನು ಹುಡುಕಿ ತೆಗೆದು ಓದಿದೆ.

ನೂರೈವತ್ತಕ್ಕೆ ತುಸು ಮೇಲ್ಪಟ್ಟ ಪದ್ಯಗಳ ಚಿಕ್ಕ ಕಾವ್ಯ. ಛಂದಸ್ಸು ಭಾಮಿನಿ ಷಟ್ಪದಿ. ಇಲ್ಲಿಯೇ ಮೊದಲನೆಯ ಕುಚೇಷ್ಟೆ ಇರುವುದು. ಇದೇ ಛಂದಸ್ಸಿನಲ್ಲಿ ನೆರೆಯ ಗದುಗಿನಲ್ಲಿ ಕುಮಾರವ್ಯಾಸ ಕುರುಕ್ಷೇತ್ರವನ್ನು ಹಾಡಿದ್ದ. ಭೀಮ ದುಶ್ಶಾಸನರ ಅಬ್ಬರವನ್ನು ಕೇಳಿ ಪಳಗಿದ ಕಿವಿಗೆ ಕನಕದಾಸರು ಅದೇ ಧಾಟಿಯಲ್ಲಿ ಎರಡು ಕಾಳುಗಳ ಜಗಳವನ್ನು ಕೇಳಿಸುತ್ತಾರೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಪೋಪ್ ಒಬ್ಬ ಹೆಣ್ಣುಮಗಳ ಕೂದಲು ಕತ್ತರಿಸಿದ ಕಥೆಯನ್ನು ವೀರಕಾವ್ಯದ ಗತ್ತಿನಲ್ಲಿ ಬರೆದು ಹೆಸರಾದದ್ದು ೧೭೧೨ರ ಮೇಲೆ. ಸಂಪ್ರದಾಯ ಹೇಳುವಂತೆ ಕನಕದಾಸರ ಕಾಲ ೧೫೦೯ರಿಂದ ೧೬೦೬ ಎಂದು ಹಿಡಿದರೆ, ಈ ಬಗೆಯ ಚೇಷ್ಟೆ ನಮ್ಮ ಬ್ಯಾಡಗಿ ಸೀಮೆಯಲ್ಲಿ ನೂರು ವರ್ಷಕ್ಕಿಂತ ಮೊದಲೇ ನಡೆದಿತ್ತು.

ಕಥೆ ಹೀಗೆ. ರಾವಣನನ್ನು ಕೊಂದು ಅಯೋಧ್ಯೆಗೆ ಮರಳುತ್ತಿರುವ ರಾಮ ಪರಿವಾರದೊಡನೆ ಮುಚುಕುಂದ ಮುನಿಯ ಆಶ್ರಮದಲ್ಲಿ ಇಳಿಯುತ್ತಾನೆ. ಮುನಿಗಳು ನಾನಾ ಬಗೆಯ ಭಕ್ಷ್ಯಗಳನ್ನು ತಂದೊಪ್ಪಿಸುತ್ತಾರೆ. ಉಂಡು ತೃಪ್ತನಾದ ರಾಮ ಇವುಗಳ ಮೂಲಧಾನ್ಯಗಳನ್ನು ನೋಡಬೇಕೆನ್ನುತ್ತಾನೆ. ನೆಲ್ಲು, ಜೋಳ, ನವಣೆ, ಸಾಮೆ, ಬರಗು, ಹಾರಕ ಎಲ್ಲವೂ ಬಂದು ನಿಲ್ಲುತ್ತವೆ. ಇವುಗಳಲ್ಲಿ ಶ್ರೇಷ್ಠ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಊಟವಾದ ಮೇಲೆ ದೊಡ್ಡ ಮನುಷ್ಯರಿಗೆ ಏಳುವ ಪ್ರಶ್ನೆ ಇದು. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಿರಲು ಗೌತಮ ಮುನಿ ಎದ್ದು, ನಮ್ಮ ದೇಶಕ್ಕೆ ನರೆದಲೆಗನೇ ಸರಿ ಎಂದುಬಿಡುತ್ತಾನೆ. ನರೆದಲೆಗ ಎಂದರೆ ನರೆತ ತಲೆಯವನು, ರಾಗಿ. ಕಾವ್ಯದಲ್ಲಿ ಅಕ್ಕಿಗೆ ವ್ರಿಹಿ ಎಂಬ ಸಂಸ್ಕೃತದ ಹೆಸರು. ರಾಗಿಗೆ ಮಾತ್ರ ಬೀದಿಯಲ್ಲಿ ಹುಡುಗರು ಕೂಗಿ ಕರೆಯುವಂಥ ಅಡ್ಡಹೆಸರು. ವಾದ ತೊಡಗುವ ಮೊದಲೇ ಅರ್ಧ ತೀರ್ಪು ಹೆಸರಿನಲ್ಲಿಯೇ ಇದೆ.

ವ್ರಿಹಿ ಸಿಟ್ಟಾಗುತ್ತದೆ. ಅದರ ವಾದವನ್ನು ಗಮನಿಸಿ. ರುಚಿ, ಪುಷ್ಟಿ ಇತ್ಯಾದಿ ಯಾವುದೂ ಅದಕ್ಕೆ ಮುಖ್ಯವಲ್ಲ. ಯಜ್ಞಕ್ಕೆ ನಾನು, ಉಪನಯನಕ್ಕೆ ನಾನು, ಮದುವೆಗೆ ನಾನು, ಮಂತ್ರಾಕ್ಷತೆ ನಾನು, ಆರತಿ ನಾನು. ನೀನಾದರೋ ಶೂದ್ರರ ಅನ್ನ. ದೇವರಿಗೆ ನಿನ್ನ ಗುರುತೇ ಇಲ್ಲ. ಅಂದರೆ ತಾನು ಯಾರ ಹೊಟ್ಟೆ ತುಂಬಿಸುತ್ತೇನೆಂಬುದಲ್ಲ, ಯಾರ ಮನೆಯಲ್ಲಿ ತನಗೆ ಕರೆಯುಂಟು ಎಂಬುದೇ ಅದರ ಹೆಮ್ಮೆ. ಇಂಥ ಸಂಬಂಧಿಕರು ಎಲ್ಲರಿಗೂ ಇದ್ದಾರೆ.

ನರೆದಲೆಗ ತಲೆ ತಗ್ಗಿಸುವ ಜಾತಿಯಲ್ಲ. ಮಕ್ಕಳ ಪಾಠದಲ್ಲಿ ಅದು ಬಡಪಾಯಿ, ಸಾತ್ವಿಕ. ಕಾವ್ಯದಲ್ಲಿ ಅದರ ನಾಲಿಗೆ ಬ್ಯಾಡಗಿಯ ಮೆಣಸಿನಕಾಯಿಗಿಂತ ಖಾರ. ಸತ್ಯವಿಲ್ಲದವನೇ, ನೀನು ಬಡವರನ್ನು ಕಣ್ಣೆತ್ತಿ ನೋಡುವುದಿಲ್ಲ, ಹಣವಿದ್ದವರ ಹಿಂದೆ ಹೋಗುತ್ತೀಯೆ. ಬಾಣಂತಿಗೂ ರೋಗಿಗೂ ಪಥ್ಯವಾಗುತ್ತೀಯೆ. ಪಿಂಡವಾಗುತ್ತೀಯೆ, ಹೆಣದ ಬಾಯಿಗೆ ಬೀಳುತ್ತೀಯೆ. ಮಳೆ ಹೋಗಿ ಬರ ಬಿದ್ದು ಜನ ಸಾಯುವಾಗ ಅವರನ್ನು ಉಳಿಸುವವನು ನಾನು, ಆಗ ನೀನೆಲ್ಲಿರುತ್ತೀಯೆ? ವ್ರಿಹಿ ತನ್ನ ಬಿರುದುಗಳನ್ನು ಎಣಿಸಿ ಹೇಳಿತ್ತು. ಅದು ಹೇಳದೆ ಬಿಟ್ಟ ಬಿರುದೊಂದನ್ನು ನರೆದಲೆಗ ಪಟ್ಟಿಗೆ ಸೇರಿಸಿತು, ಅಷ್ಟೆ. ಹುಟ್ಟಿನಿಂದ ಮದುವೆಯ ತನಕ ಎಲ್ಲ ಸಂಸ್ಕಾರಗಳಲ್ಲಿ ಪಾಲು ಕೇಳುವವನು ಕೊನೆಯ ಸಂಸ್ಕಾರದಲ್ಲಿಯೂ ಪಾಲುಗಾರನಾಗಬೇಕಷ್ಟೆ?

ಈ ಮಾತಿನ ಹಿಂದೆ ಎಷ್ಟು ಹೆಣಗಳಿವೆಯೆಂಬುದನ್ನು ನಮ್ಮ ಸೀಮೆಯ ಚರಿತ್ರೆ ಬಲ್ಲವರು ಬಲ್ಲರು. ಕನಕದಾಸರ ಅನಂತರವೂ ಬರಗಳು ನಿಲ್ಲಲಿಲ್ಲ. ೧೭೯೧-೯೨ರಲ್ಲಿ ದಕ್ಷಿಣ ಮಹಾರಾಷ್ಟ್ರದಿಂದ ಈ ಕಡೆಯೆಲ್ಲ ಹಬ್ಬಿದ ಕ್ಷಾಮಕ್ಕೆ ತಲೆಬುರುಡೆಯ ಬರವೆಂದೇ ಹೆಸರು. ಹೂಳುವವರೂ ಸುಡುವವರೂ ಉಳಿಯದೆ ಬಯಲಿನಲ್ಲಿ ಬುರುಡೆಗಳು ಬಿದ್ದಿದ್ದವು. ೧೮೭೬ರಿಂದ ೧೮೭೮ರ ತನಕದ ಬರ ಧಾರವಾಡ ಜಿಲ್ಲೆಯನ್ನು ಹಿಂಡಿಹಾಕಿತು. ಆಗ ಹಾವೇರಿ, ರಾಣೇಬೆನ್ನೂರುಗಳು ಆ ಜಿಲ್ಲೆಯ ಭಾಗ. ಅಂಥ ವರ್ಷಗಳಲ್ಲಿ ಹೆಣದ ಬಾಯಿಗೆ ಹಾಕುವ ಒಂದು ಹಿಡಿ ಅಕ್ಕಿ ಮನೆಯಲ್ಲಿದ್ದಿದ್ದರೆ ಆ ಬಾಯಿ ಹೆಣದ ಬಾಯಿಯೇ ಆಗುತ್ತಿರಲಿಲ್ಲ. ನರೆದಲೆಗನ ಬೈಗುಳದ ಮೊನೆ ಇಲ್ಲಿ ನಾಟುತ್ತದೆ. ಐರ್ಲೆಂಡಿನ ಹಸಿವನ್ನು ಕಂಡು ಸ್ವಿಫ್ಟ್ ೧೭೨೯ರಲ್ಲಿ, ಬಡವರ ಕೂಸುಗಳನ್ನು ಧನಿಕರು ಬೇಯಿಸಿ ತಿನ್ನಬಹುದಲ್ಲ ಎಂದು ಲೆಕ್ಕಾಚಾರ ಹಾಕಿ ಬರೆದ. ಅವನ ನಗೆಯೂ ಕನಕದಾಸರ ನಗೆಯೂ ಒಂದೇ ಗೋತ್ರದವು. ಸ್ವಿಫ್ಟನದು ಹೆಚ್ಚು ಕ್ರೂರ. ಆತನಿಗೆ ಭಕ್ತಿಯ ಆಸರೆ ಇರಲಿಲ್ಲ.

ಇನ್ನು ತೀರ್ಪು. ಜಗಳ ಜೋರಾದಾಗ ರಾಮ ಮಾಡಿದ್ದೇನು? ವಾದಿ ಪ್ರತಿವಾದಿ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ತಾನು ಅಯೋಧ್ಯೆಗೆ ಹೊರಟುಹೋದ. ಕೋರ್ಟು ಕಚೇರಿ ಕಂಡ ಯಾರೂ ಇಲ್ಲಿ ಒಂದು ನಿಮಿಷ ಪುಸ್ತಕ ಮಡಚಿ ನಗದೆ ಇರಲಾರರು. ನರೆದಲೆಗನ ತಪ್ಪೇನು? ಅದು ತಾನಾಗಿ ಬಾಯಿ ತೆರೆಯಲಿಲ್ಲ. ಯಾರೋ ಮುನಿ ಹೊಗಳಿದ, ಇನ್ನಾರೋ ಸಿಟ್ಟಾದರು, ಇದು ಉತ್ತರ ಹೇಳಿತು. ಶಿಕ್ಷೆ ಇಬ್ಬರಿಗೂ ಸಮ. ತೀರ್ಪಿಗೆ ಮೊದಲೇ ಸೆರೆ, ವಾಯಿದೆ ಆರು ತಿಂಗಳು. ಕನಕದಾಸರು ಪರಮ ರಾಮಭಕ್ತರಂತೆಯೇ ಇದನ್ನು ಹೇಳಿ ಮುಂದೆ ಸಾಗುತ್ತಾರೆ. ರಾಮನ ಮೇಲೆ ಒಂದು ಮಾತೂ ಇಲ್ಲ. ಮಾತಿಲ್ಲದಿರುವುದೇ ಮಾತು ಎಂದು ನಾನು ಹೇಳಿದರೆ ಕೆಲವರು ಒಪ್ಪಲಾರರು. ನನ್ನ ಹಟವೇನೂ ಇಲ್ಲ.

ಈಗ ಬಸ್ಸಿನ ಯಜಮಾನರ ಪ್ರಶ್ನೆಗೆ ಬರೋಣ. ಜೋಳವಿದ್ದೂ ರಾಗಿಯೇಕೆ?

ನಮ್ಮ ಸೀಮೆಯ ಹಳೆಯ ಮನೆಗಳ ಅಂಗಳದಲ್ಲಿ ಹಗೇವು ಇರುತ್ತಿದ್ದವು. ನೆಲದಲ್ಲಿ ಆಳುದ್ದ ತೋಡಿದ ಗುಂಡಿ; ಒಳಬದಿಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಒಳಗಿನ ಗಾಳಿ ಕೆಟ್ಟಿರುತ್ತಿತ್ತು. ಆತುರಪಟ್ಟು ಇಳಿದವನು ಮೇಲೆ ಬಾರದೆ ಹೋದದ್ದುಂಟು. ಮೊದಲು ದೀಪ ಇಳಿಬಿಡಬೇಕು. ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಈ ಕತ್ತಲೆಯಲ್ಲಿ ಯಾವ ಕಾಳು ಎಷ್ಟು ದಿನ ತಾಳುತ್ತದೆಂಬುದು ಮನೆಯ ಯಜಮಾನನಿಗೆ ಜೀವನ್ಮರಣದ ಲೆಕ್ಕ. ಅಕ್ಕಿಗೆ ಹುಳ ಬೀಳುತ್ತದೆ, ಮುಗ್ಗಲು ಹಿಡಿಯುತ್ತದೆ. ಜೋಳಕ್ಕೂ ನುಸಿ ತಪ್ಪಿದ್ದಲ್ಲ. ರಾಗಿಯ ಕಾಳು ಎಷ್ಟು ಸಣ್ಣದೆಂದರೆ ಹುಳ ಒಳಗೆ ಹೊಕ್ಕು ಮನೆ ಕಟ್ಟಲು ಅಲ್ಲಿ ಜಾಗವೇ ಇಲ್ಲ. ಒಣಗಿಸಿ ಇಟ್ಟ ರಾಗಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಕಾವ್ಯದ ಸೆರೆಮನೆಯೆಂದರೆ ಹಗೇವು ಎಂದು ನನ್ನ ಊಹೆ. ಊಹೆಗೆ ಇನ್ನೊಂದು ಕಾರಣವುಂಟು. ಕನಕದಾಸರು ದಾಸರಾಗುವ ಮೊದಲು ತಿಮ್ಮಪ್ಪನಾಯಕರು. ಬಾಡದಲ್ಲಿ ಹುಟ್ಟಿ, ವಿಜಯನಗರದ ಕೆಳಗೆ ಬಂಕಾಪುರದ ಕಡೆ ದಂಡನಾಯಕರಾಗಿದ್ದವರೆಂದು ಸಂಪ್ರದಾಯ. ಕೋಟೆ ಕಾಯುವವನಿಗೆ ಶತ್ರುವಿನ ಕುದುರೆಗಳ ಲೆಕ್ಕದಷ್ಟೇ ತನ್ನ ಕಣಜದ ಲೆಕ್ಕವೂ ಬೇಕು. ಮುತ್ತಿಗೆ ಬಿದ್ದಾಗ ಸಂಸ್ಕೃತದ ಹೆಸರಿನ ಧಾನ್ಯ ಯಾವುದು, ಉಳಿಯುವ ಧಾನ್ಯ ಯಾವುದು ಎಂಬುದನ್ನು ಅವರು ಪುರಾಣದಿಂದ ಕಲಿತಿರಲಾರರು.

ಆರು ತಿಂಗಳ ಮೇಲೆ ದೇವತೆಗಳೂ ಋಷಿಗಳೂ ನೆರೆದ ಸಭೆಗೆ ಕೈದಿಗಳನ್ನು ತರಿಸಲಾಯಿತು. ವ್ರಿಹಿ ಬಾಡಿ ಸೊರಗಿತ್ತು. ನರೆದಲೆಗ ಹೋದಂತೆಯೇ ಬಂದಿತ್ತು. ರಾಮ ಮೆಚ್ಚಿ ಅದಕ್ಕೆ ತನ್ನ ಹೆಸರನ್ನೇ ಕೊಟ್ಟ. ರಾಘವನೆಂಬುದೇ ರಾಗಿಯಾಯಿತು ಎಂದು ಕಾವ್ಯ. ನೊಂದ ವ್ರಿಹಿಯನ್ನೂ ಸಮಾಧಾನ ಮಾಡಿ ಅದರ ಸ್ಥಾನ ಅದಕ್ಕೆ ಉಳಿಸಿದ.

ಮಕ್ಕಳು ಚಪ್ಪಾಳೆ ತಟ್ಟುವ ಈ ಜಾಗದಲ್ಲಿ ದೊಡ್ಡವರು ಸ್ವಲ್ಪ ತಡೆಯಬೇಕು. ನರೆದಲೆಗನ ಆರೋಪಗಳಲ್ಲಿ ಒಂದಾದರೂ ವಿಚಾರಣೆಗೆ ಬಂತೆ? ಬಡವರನ್ನು ಕಣ್ಣೆತ್ತಿ ನೋಡುವುದಿಲ್ಲವೆಂಬ ಮಾತಿಗೆ ವ್ರಿಹಿ ಉತ್ತರ ಕೊಟ್ಟಿತೆ? ಇಲ್ಲ. ರಾಗಿ ಗೆದ್ದದ್ದು ವಾದದಿಂದಲ್ಲ, ಸೆರೆಯಲ್ಲಿ ಸಾಯದೆ ಉಳಿದುದರಿಂದ. ಗೆದ್ದಾಗ ಸಿಕ್ಕಿದ್ದು ಒಂದು ಒಳ್ಳೆಯ ಹೆಸರು. ಯಜ್ಞ, ಉಪನಯನ, ಅಕ್ಷತೆಗಳು ಮೊದಲಿದ್ದವರ ಕೈಯಲ್ಲಿಯೇ ಉಳಿದವು. ನಮ್ಮ ಕಡೆ ಜೋಳಕ್ಕೆ ಅರಿಸಿನ ಹಚ್ಚಿ ಅಕ್ಷತೆ ಮಾಡುವುದನ್ನು ನಾನು ಕಂಡಿದ್ದೇನೆ. ವಧೂವರರ ತಲೆಯ ಮೇಲೆ ರಾಗಿ ಬಿದ್ದದ್ದನ್ನು ಈವರೆಗೆ ಕಂಡಿಲ್ಲ.

ಉಡುಪಿಯ ಕನಕನ ಕಿಂಡಿಯ ಕಥೆ ಎಲ್ಲರಿಗೂ ಗೊತ್ತು. ಒಳಗೆ ಬಿಡಲಿಲ್ಲ, ಹಿಂದೆ ನಿಂತು ಹಾಡಿದರು, ಗೋಡೆ ಬಿರಿಯಿತು, ದೇವರು ಈ ಕಡೆಗೆ ತಿರುಗಿದ. ಕಿಂಡಿಗೆ ಭಕ್ತನ ಹೆಸರು ಬಂತು. ಗೋಡೆ? ಗೋಡೆ ಹಾಗೆಯೇ ನಿಂತಿತು, ನಡುವೆ ಒಂದು ಕಿಂಡಿಯೊಡನೆ. ಧಾನ್ಯದ ಕಥೆಗೂ ಕಿಂಡಿಯ ಕಥೆಗೂ ಮುಕ್ತಾಯ ಒಂದೇ ತೆರನಾಗಿದೆ: ಹೆಸರು ಸಿಗುತ್ತದೆ, ಬಾಗಿಲು ತೆರೆಯುವುದಿಲ್ಲ. ಒಂದು ದಂತಕಥೆ, ಇನ್ನೊಂದು ಅವರ ಕೈಯಿಂದಲೇ ಬಂದ ಕಾವ್ಯ. ಕುರುಬ ಕುಲದಲ್ಲಿ ಹುಟ್ಟಿ ವ್ಯಾಸರಾಯರ ಶಿಷ್ಯವರ್ಗದಲ್ಲಿ ಕುಳಿತ ಮನುಷ್ಯ ಪಂಕ್ತಿಯ ಊಟದ ಹೊತ್ತಿನಲ್ಲಿ ಏನೇನು ಕೇಳಿರಬಹುದೆಂಬುದನ್ನು ವ್ರಿಹಿಯ ಮಾತುಗಳಲ್ಲಿ ಕೇಳಬಹುದು. ಮೋಕ್ಷಕ್ಕೆ ಯಾರು ಹೋಗುವರೆಂದು ಗುರುಗಳು ಕೇಳಲು, ‘ನಾನು’ ಹೋದರೆ ಹೋಗಬಹುದೆಂದು ಕನಕದಾಸರು ಹೇಳಿದರೆಂಬ ಕಥೆಯೂ ಇದೇ ನಾಲಿಗೆಯದು. ಅಹಂಕಾರದ ಮಾತೆಂದು ಸಿಟ್ಟಾದ ಪಂಡಿತರು ಆ ‘ನಾನು’ವಿನ ಅರ್ಥ ತಿಳಿಯುವ ಹೊತ್ತಿಗೆ ತಾವೇ ಹಾಸ್ಯಾಸ್ಪದರಾಗಿದ್ದರು.

ಕಾವ್ಯದಲ್ಲಿ ದೋಷವಿಲ್ಲವೆಂದು ಹೇಳಲಾರೆ. ಸ್ತುತಿಗಳು ಹೆಚ್ಚು, ಕೊನೆಯ ಸಭೆ ಎಳೆದಂತಾಗುತ್ತದೆ. ಜಗಳದ ಭಾಗವನ್ನು ತೆಗೆದರೆ ಉಳಿಯುವುದು ಇನ್ನೊಂದು ರಾಮಕಥೆ. ಆದರೆ ಆ ಜಗಳವಿದೆಯಲ್ಲ!

ಕಾಳುಗಳನ್ನು ಕಚೇರಿಗೆ ಎಳೆಯುವುದು ಕನಕದಾಸರೊಬ್ಬರ ಹುಚ್ಚಲ್ಲ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಸುಮೇರಿಯದ ಮಣ್ಣಿನ ಹಲಗೆಗಳಲ್ಲಿ ಕುರಿಗೂ ಧಾನ್ಯಕ್ಕೂ ನಡೆದ ವಾದವೊಂದು ದಾಖಲಾಗಿದೆ. ಎರಡೂ ಕುಡಿದು ಮತ್ತೇರಿ ಜಗಳಕ್ಕೆ ತೊಡಗುತ್ತವೆ. ಕೊನೆಗೆ ಎನ್ಕಿ ದೇವರು ಧಾನ್ಯದ ಪಕ್ಷ ವಹಿಸುತ್ತಾನೆ. ಅಲ್ಲಿ ಕುರಿ ಸೋತಿತು. ಕುರಿ ಕಾಯುವವರ ಕುಲದ ಕವಿ ಇಲ್ಲಿ ಧಾನ್ಯದ ವಕಾಲತ್ತು ವಹಿಸಿದನೆಂದು ತಿಳಿದರೆ ಆ ಕುರಿ ಏನೆನ್ನುತ್ತಿತ್ತೋ!

ನರೆದಲೆಗನ ಮೊಕದ್ದಮೆ ರಾಮನ ಸಭೆಯಲ್ಲಿಯೇ ಮುಗಿಯಲಿಲ್ಲವೆಂಬುದು ಇನ್ನೊಂದು ತಮಾಷೆ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಡದಲ್ಲಿ, ಹಳ್ಳೂರೆಂಬ ಊರಿದೆ. ೧೯೬೫ರಲ್ಲಿ ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನೂ, ಮೇಲಿನ ಪದರಗಳಲ್ಲಿ ದಕ್ಷಿಣ ಭಾರತದ ಬಹು ಹಳೆಯ ಕಬ್ಬಿಣವನ್ನೂ ಕಂಡರು. ಅಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ಸಸ್ಯಶಾಸ್ತ್ರಜ್ಞ ವಿಷ್ಣು ಮಿತ್ರೆಯವರು ಅವುಗಳಲ್ಲಿ ರಾಗಿಯುಂಟೆಂದು ೧೯೭೧ರಲ್ಲಿ ಪ್ರಕಟಿಸಿದರು. ಹಾವೇರಿ ಸೀಮೆಯವರ ಎದೆ ಉಬ್ಬುವ ಸುದ್ದಿ: ಕನಕದಾಸರಿಗಿಂತ ಮೂರು ಸಾವಿರ ವರ್ಷ ಮೊದಲೇ ನರೆದಲೆಗ ನಮ್ಮೂರಿನಲ್ಲಿದ್ದ! ಆದರೆ ಅನಂತರ ಬಂದ ಡೋರಿಯನ್ ಫುಲ್ಲರ್ ಮೊದಲಾದ ಸಂಶೋಧಕರು, ಅಷ್ಟು ಹಳೆಯ ಆ ಕಾಳುಗಳನ್ನು ರಾಗಿಯೆಂದು ಗುರುತಿಸಿದ್ದನ್ನೇ ಪ್ರಶ್ನಿಸಿದರು. ಬೇರೆ ಕಿರುಧಾನ್ಯಗಳ ಕಾಳು ಸುಟ್ಟಾಗ ರಾಗಿಯಂತೆಯೇ ಕಾಣಬಹುದಂತೆ. ಹೀಗೆ ನರೆದಲೆಗ ಮತ್ತೊಮ್ಮೆ ಕಟಕಟೆಯಲ್ಲಿ ನಿಂತ. ಈ ಸಲ ಕುಲದ ಪ್ರಶ್ನೆಯಲ್ಲ, ನೀನು ನೀನೇ ಹೌದೆ ಎಂಬ ಪ್ರಶ್ನೆ.

ಕುಲದ ವಿಚಾರವನ್ನೇ ತೆಗೆದರೂ ವಿಜ್ಞಾನದ ಉತ್ತರ ವ್ರಿಹಿಗೆ ಸಂತೋಷ ಕೊಡುವಂಥದು. ರಾಗಿಯ ತವರು ಪೂರ್ವ ಆಫ್ರಿಕದ ಮಲೆಗಳು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಇಲ್ಲಿಗೆ ಬಂದ ಪರದೇಶಿ ಅದು. ರಾಮನ ಸಭೆಯಲ್ಲಿ ಈ ಸಂಗತಿ ತಿಳಿದಿದ್ದರೆ ವ್ರಿಹಿ ಇನ್ನೂ ಹತ್ತು ಪದ್ಯ ಬೈಯುತ್ತಿತ್ತು. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ತಳಿಗೂ ಆಫ್ರಿಕದ ತಳಿಗೂ ಮದುವೆ ಮಾಡಿಸಿ ‘ಇಂಡಾಫ್’ ತಳಿಗಳನ್ನು ಹುಟ್ಟಿಸಿ ಇಳುವರಿಯನ್ನು ಬಹುವಾಗಿ ಹೆಚ್ಚಿಸಿದರು. ತವರಿನ ಸಂಬಂಧ ಬಿಡದಿದ್ದುದರಿಂದ ಒಳ್ಳೆಯದೇ ಆಯಿತು. ಬ್ಯಾಡಗಿಯ ಮೆಣಸಿನಕಾಯಿಯೂ ಪೋರ್ತುಗ್ಯೂಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದಷ್ಟೆ.

ಈ ಸೀಮೆಗೆ ಕಟುಹಾಸ್ಯ ಕನಕದಾಸರೊಡನೆ ಮುಗಿಯಲಿಲ್ಲ. ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ೧೯೩೯ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ‘ಕೊಡೆಗಳು’, ‘ಅಪ್ಪ’ ಮುಂತಾದ ಅಸಂಗತ ನಾಟಕಗಳಲ್ಲಿ ನಗುತ್ತ ನಗುತ್ತಲೇ ನೆಲ ಜಾರುವಂತೆ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ಅವರನ್ನೂ ಸೆರೆಯಲ್ಲಿಟ್ಟರು. ಹೊರಗೆ ಬಂದಾಗ ಬಾಡಿರಲಿಲ್ಲ. ‘ಗಾಂಧಿಸ್ಮರಣೆ’ ಆ ಸೆರೆಯ ಫಸಲು. ೨೦೨೨ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಅವರ ನಾಲಿಗೆ ಮೆತ್ತಗಾಗಲಿಲ್ಲ.

೨೦೨೩ರಲ್ಲಿ ಒಂದು ವಿಚಿತ್ರ ಕಾಕತಾಳೀಯ ನಡೆಯಿತು. ಆ ವರ್ಷದ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಅದೇ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಕಿರುಧಾನ್ಯ, ತೃಣಧಾನ್ಯ ಎಂದು ಹುಲ್ಲಿನ ಲೆಕ್ಕದಲ್ಲಿದ್ದವು ಸಿರಿಧಾನ್ಯಗಳಾದವು. ಹೆಸರು ಬದಲಿಸಿ ಗೌರವಿಸುವ ರಾಮನ ಉಪಾಯ ಇನ್ನೂ ಚಾಲ್ತಿಯಲ್ಲಿದೆ. ೨೦೧೩ರಲ್ಲಿ ಬಂದ ಅನ್ನಭಾಗ್ಯದಿಂದ ಅಕ್ಕಿ ಬಡವರ ಮನೆಗೆ ಚೀಲಚೀಲವಾಗಿ ನಡೆದುಬಂದಿತ್ತು. ಕಣ್ಣೆತ್ತಿ ನೋಡುವುದಿಲ್ಲವೆಂದು ನರೆದಲೆಗ ಮಾಡಿದ ಆರೋಪಕ್ಕೆ ವ್ರಿಹಿ ಐನೂರು ವರ್ಷ ತಡಮಾಡಿ ಉತ್ತರ ಕೊಟ್ಟಿತು. ಅದೇ ಹೊತ್ತಿಗೆ ರಾಗಿ ಹಣವಂತರ ಬೆನ್ನು ಹತ್ತಿ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಬಿಸ್ಕತ್ತಾಗಿ, ಮಾಲ್ಟಾಗಿ ಬಣ್ಣದ ಪೊಟ್ಟಣದಲ್ಲಿ ಕುಳಿತಿತು. ರೋಗಿಗೆ ಪಥ್ಯವಾಗುವವನೆಂದು ಅಕ್ಕಿಯನ್ನು ಜರೆದ ನರೆದಲೆಗ ಈಗ ತಾನೇ ಪಥ್ಯ. ಕನಕದಾಸರು ಇದ್ದಿದ್ದರೆ ಎರಡನೆಯ ಭಾಗ ಬರೆಯಬೇಕಾಗುತ್ತಿತ್ತು, ಪಾತ್ರಗಳ ಮಾತುಗಳನ್ನು ಅದಲುಬದಲು ಮಾಡಿ.

ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿತು. ಅದರ ಕೀರ್ತಿ ಇರುವುದು ಬಣ್ಣದಲ್ಲಿ. ಕಡುಕೆಂಪು, ಮೈಯೆಲ್ಲ ಸುಕ್ಕು, ಖಾರ ಮಾತ್ರ ಕಡಿಮೆ. ಹಿಂದೆ ನರೆದಲೆಗನ ನಾಲಿಗೆಗೆ ಅದನ್ನು ಹೋಲಿಸಿದ್ದು ನನ್ನ ತಪ್ಪು, ಊರಿನವರು ಮನ್ನಿಸಬೇಕು. ಹೋಲಿಕೆ ಸರಿಹೊಂದುವುದು ಕನಕ ಜಯಂತಿಯ ಭಾಷಣಗಳಿಗೆ. ರಾಮಧಾನ್ಯದ ಹೆಸರು ಅವುಗಳಲ್ಲಿ ತಪ್ಪದೆ ಬರುತ್ತದೆ; ಅಕ್ಕಿಯೆಂದರೆ ಮೇಲಿನವರು, ರಾಗಿಯೆಂದರೆ ಕೆಳಗಿನವರು, ಕವಿ ಸಮಾನತೆಯನ್ನು ಸಾರಿದರು ಎಂದು ಹೇಳಿ ಹಾರ ಹಾಕುತ್ತಾರೆ. ಹೇಳುವುದು ಸುಳ್ಳಲ್ಲ. ಹೆಣದ ಬಾಯಿಯ ಮಾತನ್ನು ಮಾತ್ರ ವೇದಿಕೆಯಿಂದ ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಕಾಗಿನೆಲೆಯಲ್ಲಿ ಆದಿಕೇಶವನ ದರ್ಶನ ಮಾಡಿ, ಕೆರೆಯ ಕಡೆ ಸುತ್ತಾಡಿ, ಸಂಜೆಗೆ ರಾಣೇಬೆನ್ನೂರು ಮುಟ್ಟಿದೆ. ಬಸ್ ನಿಲ್ದಾಣದ ಬಳಿ ಒಂದು ಕಿರಾಣಿ ಅಂಗಡಿಯಲ್ಲಿ ಒಂದು ಕಿಲೋ ರಾಗಿ ಹಿಟ್ಟು ಕೇಳಿದೆ. ಅಂಗಡಿಯವರು ತೂಗುತ್ತ, ಧ್ವನಿ ತಗ್ಗಿಸಿ, “ಮನ್ಯಾಗ ಯಾರಿಗ್ರೀ ಶುಗರು?” ಎಂದು ವಿಚಾರಿಸಿದರು.

“ಯಾರಿಗೂ ಇಲ್ರೀ” ಎಂದೆ.

ಅವರು ನಂಬಲಿಲ್ಲ. “ದಿನಾ ಮುಂಜಾನೆ ಕುಡೀರಿ, ಇಳೀತೈತಿ” ಎಂದು ಪೊಟ್ಟಣ ಕಟ್ಟಿಕೊಟ್ಟರು.